ಪಾಸ್ ಕಳಕೊಂಡ ಹುಡುಗ, ಬಚ್ಚಿಟ್ಟ ಹುಡುಗಿ: ಗ್ರಾಫಿಕ್ ಕಾದಂಬರಿಯ ಮೊದಲ ಐದು ಪುಟ ಕಟ್ಟುವುದು ಹೇಗೆ

ಹದಿಹರೆಯದ ಪ್ರೇಮಕಥೆಯನ್ನು ಗ್ರಾಫಿಕ್ ಕಾದಂಬರಿಯಾಗಿ, ಅಂದರೆ ಚಿತ್ರ ಮತ್ತು ಮಾತಿನ ಬಲೂನುಗಳಲ್ಲಿ ನಡೆಯುವ ಚಿತ್ರಕಥೆಯಾಗಿ, ಹೇಳಲು ಹೊರಟರೆ ಒಂದು ತೊಂದರೆ ಇದೆ. ಕಥೆ ಎಲ್ಲಿಗೆ ಹೋಗುತ್ತದೆ ಅಂತ ಓದುಗರಿಗೆ ಮುಖಪುಟ ನೋಡಿದಾಗಲೇ ಗೊತ್ತು. ಮುಖಪುಟದ ಮೇಲೆ ಒಬ್ಬ ಹುಡುಗ, ಒಬ್ಬಳು ಹುಡುಗಿ, ಹಿಂದೆ ಮಳೆ. ಇವರಿಬ್ಬರೂ ಕೊನೆಗೆ ಒಂದಾಗುತ್ತಾರೆ, ಇಲ್ಲಾ ಅಳುತ್ತಾರೆ. ಪತ್ತೇದಾರಿ ಕಥೆಯಂತೆ ‘ಮುಂದೇನು’ ಅನ್ನುವ ಕುತೂಹಲದ ಮೇಲೆ ಇಲ್ಲಿ ಸವಾರಿ ಮಾಡಲು ಆಗುವುದಿಲ್ಲ.

ಹಾಗಾದರೆ ಓದುಗರು ಪುಟ ಮಗುಚುವುದು ಯಾಕೆ? ನನಗೆ ಕಂಡಂತೆ ಕಾರಣ ಒಂದೇ. ಪಾತ್ರದ ಒಂದು ಗುಟ್ಟು ಓದುಗರಿಗೆ ಮೊದಲೇ ಸಿಕ್ಕಿರುತ್ತದೆ, ಎದುರಿಗಿರುವ ಇನ್ನೊಂದು ಪಾತ್ರಕ್ಕೆ ಅದು ಗೊತ್ತಿರುವುದಿಲ್ಲ. ಅವಳಿಗೆ ಗೊತ್ತು, ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಇಷ್ಟಾದರೆ ಓದುಗರು ಅವಳ ಕಡೆಯವರಾಗಿಬಿಡುತ್ತಾರೆ. ಮೊದಲ ಐದು ಪುಟದಲ್ಲಿ ಮಾಡಬೇಕಾದ ಮುಖ್ಯ ಕೆಲಸ ಇದೇ. ಹುಡುಗ ಎಷ್ಟು ಚಂದ ಇದ್ದಾನೆ, ಕಾಲೇಜು ಯಾವುದು, ಮನೆಯಲ್ಲಿ ಎಷ್ಟು ಜನ, ಇವೆಲ್ಲ ಆರನೇ ಪುಟದ ನಂತರ ಬಂದರೂ ನಡೆಯುತ್ತದೆ.

ಸುಮ್ನೆ ಮಾತಲ್ಲಿ ಹೇಳಿದರೆ ಉಪಯೋಗ ಇಲ್ಲ. ಅಂಕೋಲಾದಿಂದ ಕಾರವಾರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಒಂದು ಕಥೆ ಶುರು ಮಾಡಿ, ಐದು ಪುಟ ಜೊತೆಯಾಗಿ ಕಟ್ಟೋಣ.

ಮೊದಲು ಗುಟ್ಟು ಹುಡುಕಿ

ಪೆನ್ಸಿಲ್ ಹಿಡಿಯುವ ಮೊದಲು ಒಂದು ವಾಕ್ಯ ಬರೆದುಕೊಳ್ಳಿ: ‘ಇವಳು ಏನನ್ನು ಮುಚ್ಚಿಡುತ್ತಿದ್ದಾಳೆ?’ ಉತ್ತರ ‘ಅವನನ್ನು ಇಷ್ಟಪಡುತ್ತಾಳೆ’ ಅಂತಾದರೆ ಸಾಲದು. ಅದು ಭಾವನೆ. ಅದನ್ನು ಬರೆಯಬಹುದು, ಬಿಡಿಸಲು ಕಷ್ಟ. ಕೈಯಲ್ಲಿ ಹಿಡಿಯುವಂಥ, ಬ್ಯಾಗಿನಲ್ಲಿ ಬಚ್ಚಿಡುವಂಥ ವಸ್ತು ಬೇಕು. ಚಿತ್ರಕಥೆಯಲ್ಲಿ ವಸ್ತು ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ಕಥೆಯ ದೀಪಾ ದ್ವಿತೀಯ ಪಿಯುಸಿ, ಅಂಕೋಲಾದವಳು. ಹುಡುಗ ಶ್ರೀಪಾದ. ಶಿರಸಿ ಕಡೆಯ ಹಳ್ಳಿಯವನು, ಅವರ್ಸಾದಲ್ಲಿ ಅತ್ತೆ ಮನೆಯಲ್ಲಿದ್ದು ಓದುತ್ತಾನೆ. ಅವನ ಬಸ್ ಪಾಸ್ ಕಳೆದುಹೋಗಿದೆ. ಅದು ಸಿಕ್ಕಿರುವುದು ದೀಪಾಳಿಗೆ. ಅವಳು ಅದನ್ನು ವಾಪಸ್ ಕೊಟ್ಟಿಲ್ಲ.

ಈ ಗುಟ್ಟು ಯಾಕೆ ಕೆಲಸ ಮಾಡುತ್ತದೆ ನೋಡಿ. ಪಾಸಿನಲ್ಲಿ ಅವನ ಫೋಟೋ ಇದೆ, ಹೆಸರಿದೆ. ಅವಳು ದಿನಾ ನೋಡಬಹುದು. ಆದರೆ ಇಟ್ಟುಕೊಂಡಷ್ಟು ದಿನವೂ ಅದು ತಪ್ಪೇ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹುಡುಗರಿಗೆ ಪಾಸ್ ಬೇಕೇ ಬೇಕು. ಅಂದರೆ ದೀಪಾ ಶೂನ್ಯ ಟಿಕೆಟ್ ತಗೊಂಡು ಆರಾಮಾಗಿ ಕೂತಿರುತ್ತಾಳೆ, ಅವನು ಅವಳ ಕಣ್ಣೆದುರೇ ದಿನಾ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳುತ್ತಾನೆ. ಇಷ್ಟ ಮತ್ತು ಅಪರಾಧ ಎರಡೂ ಒಂದೇ ಕಾರ್ಡಿನಲ್ಲಿ ಕೂತವು. ಒಳ್ಳೆಯ ಗುಟ್ಟಿನ ಲಕ್ಷಣ ಇದು: ಅದರಿಂದ ಯಾರಿಗೋ ಸಣ್ಣ ನಷ್ಟ ಆಗುತ್ತಿರಬೇಕು. ನಷ್ಟವೇ ಇಲ್ಲದ ಗುಟ್ಟು ಬರೀ ಮುದ್ದು ಮುದ್ದಾಗಿರುತ್ತದೆ, ಮೂರನೇ ಪುಟಕ್ಕೇ ಬೇಜಾರು ಬರುತ್ತದೆ.

ನೀವು ಬೇರೆ ಗುಟ್ಟು ಆರಿಸಿಕೊಳ್ಳಿ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ತಪ್ಪಿ ಬದಲಾದ ಚಪ್ಪಲಿ ಇರಬಹುದು, ಯಕ್ಷಗಾನದ ಚೌಕಿಯಲ್ಲಿ (ವೇಷ ಹಾಕಿಕೊಳ್ಳುವ ಜಾಗದಲ್ಲಿ) ಬಿಟ್ಟುಹೋದ ಗೆಜ್ಜೆ ಇರಬಹುದು. ನಿಮ್ಮೂರಲ್ಲಿ ನಿಜವಾಗಿ ಕಳೆಯಬಹುದಾದ ವಸ್ತುವಾದರೆ ಆಯಿತು.

ಪುಟಗಳ ಲೆಕ್ಕ

ಇದನ್ನು ಹೊಸಬರು ಜಾಸ್ತಿ ಕಡೆಗಣಿಸುತ್ತಾರೆ. ಕನ್ನಡ ಪುಸ್ತಕದಲ್ಲಿ ಕಥೆಯ ಮೊದಲ ಪುಟ ಸಾಮಾನ್ಯವಾಗಿ ಬಲಗಡೆ ಬರುತ್ತದೆ, ಒಂಟಿಯಾಗಿ. ಮಗುಚಿದರೆ 2 ಮತ್ತು 3 ಎದುರುಬದುರು. ಮತ್ತೆ ಮಗುಚಿದರೆ 4 ಮತ್ತು 5. ಎದುರುಬದುರಿನ ಎರಡು ಪುಟವನ್ನು ಕಣ್ಣು ಒಟ್ಟಿಗೇ ನೋಡುತ್ತದೆ. 2ನೇ ಪುಟದ ಕೊನೆಯಲ್ಲಿ ಏನೋ ಬಚ್ಚಿಟ್ಟು 3ರ ಮೇಲ್ಗಡೆ ಬಯಲು ಮಾಡಿದರೆ, ಓದುಗರು ಅದನ್ನು ಮೊದಲೇ ನೋಡಿಬಿಟ್ಟಿರುತ್ತಾರೆ.

ಆದ್ದರಿಂದ ಪ್ರಶ್ನೆಗಳೆಲ್ಲ ಬಲಪುಟದ ಕೊನೆಯ ಚೌಕದಲ್ಲಿ ಬರಲಿ (ಚೌಕ ಅಂದರೆ ಪುಟದಲ್ಲಿ ಒಂದೊಂದು ಚಿತ್ರ ಕೂರುವ ಚೌಕಟ್ಟು). ಉತ್ತರ ಮಗುಚಿದ ಮೇಲೆ, ಎಡಪುಟದ ಮೇಲ್ಗಡೆ. ಐದು ಪುಟದಲ್ಲಿ ಹಾಗೆ ನಿಮಗೆ ಸಿಗುವ ಬಲಗಡೆಯ ಮೂಲೆ ಮೂರೇ ಮೂರು: 1, 3, 5. ಆ ಮೂರು ಚೌಕದಲ್ಲಿ ಏನಿರುತ್ತದೆ ಅಂತ ಮೊದಲು ನಿರ್ಧರಿಸಿ, ಉಳಿದದ್ದು ಆಮೇಲೆ. ನಮ್ಮ ಕಥೆಗೆ ಹೀಗೆ:

1ನೇ ಪುಟದ ಕೊನೆ: ಪಾಸಿನ ಒಡೆಯ ಬಸ್ ಹತ್ತಿದ.
3ನೇ ಪುಟದ ಕೊನೆ: ಕತ್ತಲಲ್ಲಿ ಅವನ ದನಿ, ಅವಳ ಕಿವಿ ಪಕ್ಕದಲ್ಲೇ.
5ನೇ ಪುಟದ ಕೊನೆ: ಅವಳು ಸಿಕ್ಕಿಬಿದ್ದಳು.

ಒಂದು ಎ4 ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಸಣ್ಣ ಭಾಗ ಆಗುತ್ತದೆ. ಒಂದೊಂದು ಭಾಗ ಒಂದೊಂದು ಪುಟ. ಕಡ್ಡಿ ಮನುಷ್ಯರನ್ನು ಗೀಚಿ ಸಾಕು. ಈ ಗೀಚುಚಿತ್ರದಲ್ಲಿ ಕಥೆ ನಡೆಯದಿದ್ದರೆ, ಚಂದದ ಕಣ್ಣು ಕೂದಲು ಬಿಡಿಸಿದರೂ ನಡೆಯುವುದಿಲ್ಲ.

ಮೊದಲ ಪುಟ: ಮಾತು ಕಡಿಮೆ

ಅಲಾರಾಂ ಹೊಡೆಯುವುದು, ಕನ್ನಡಿ ಮುಂದೆ ಜಡೆ ಹಾಕಿಕೊಳ್ಳುತ್ತಾ ‘ನಾನು ದೀಪಾ, ವಯಸ್ಸು 17’ ಅನ್ನುವುದು, ಅಮ್ಮ ಅಡುಗೆಮನೆಯಿಂದ ಕೂಗುವುದು. ಈ ಮೂರನ್ನೂ ದಯವಿಟ್ಟು ಬಿಡಿ. ಕಡಲತೀರದ ಸೂರ್ಯಾಸ್ತವನ್ನೂ. ಕಾರವಾರ ಅಂದ ಕೂಡಲೇ ಟ್ಯಾಗೋರ್ ಕಡಲತೀರ, ದಡದ ಮೇಲೆ ನಿಲ್ಲಿಸಿದ ಯುದ್ಧನೌಕೆ, ಕೆಂಪು ಆಕಾಶ ಬಿಡಿಸುವ ಆಸೆ ಎಲ್ಲರಿಗೂ. 1880ರ ದಶಕದಲ್ಲಿ ಇಲ್ಲಿಗೆ ಬಂದಿದ್ದ ಯುವಕ ರವೀಂದ್ರನಾಥರು ಈ ಕಡಲಿಗೆ ಮರುಳಾದರು, ಸರಿ. ಅವರು ದೂರದಿಂದ ಬಂದವರು. ದಿನಾ ಅದೇ ದಾರಿಯಲ್ಲಿ ಕಾಲೇಜಿಗೆ ಹೋಗುವ ಹುಡುಗಿ ಕಡಲನ್ನು ನೋಡುವುದೇ ಇಲ್ಲ. ಸೀಟು ಸಿಕ್ಕಿತಾ ಅಂತ ನೋಡುತ್ತಾಳೆ.

ನಮ್ಮ ಮೊದಲ ಪುಟದಲ್ಲಿ ಐದು ಚೌಕ.

ಮೊದಲನೆಯದು ದೊಡ್ಡದು, ಪುಟದ ಮೂರನೇ ಒಂದು ಭಾಗ. ಅವಳ ತೊಡೆ ಮೇಲೆ ಕೆಮಿಸ್ಟ್ರಿ ರೆಕಾರ್ಡ್. ಅದಕ್ಕೆ ಹಾಕಿದ ಕಂದು ಕಾಗದದ ಬೈಂಡು ಮಳೆಗೆ ಸ್ವಲ್ಪ ಒದ್ದೆ. ಬೈಂಡಿನ ಒಳಗೆ ಅವಳ ಹೆಬ್ಬೆರಳು ತೂರಿದೆ. ಮುಖ ಕಾಣಿಸುವುದಿಲ್ಲ.

ಎರಡು: ಬೈಂಡಿನಡಿಯಿಂದ ಕಾರ್ಡಿನ ಒಂದು ಮೂಲೆ ಹೊರಗೆ. ಎಣ್ಣೆ ಹಚ್ಚಿ ಬಾಚಿದ ಕೂದಲು ಮಾತ್ರ ಕಾಣುತ್ತದೆ.

ಮೂರು: ಪೂರ್ತಿ ಫೋಟೋ. ಕಣ್ಣು ಅರ್ಧ ಮುಚ್ಚಿದೆ. ಪಾಸ್ ಫೋಟೋಗಳು ಹಾಗೇ ಅಲ್ವಾ, ರೆಪ್ಪೆ ಬಡಿಯುವಾಗಲೇ ಕ್ಲಿಕ್ ಆಗಿರುತ್ತದೆ. ಇಲ್ಲಿ ಅವನನ್ನು ಸಿನಿಮಾ ಹೀರೋ ಥರ ಬಿಡಿಸಬೇಡಿ. ಓದುಗರಿಗೆ ಮೊದಲು ನಗು ಬರಲಿ. ನಗು ಬಂದವನ ಮೇಲೆ ಪ್ರೀತಿ ಬೇಗ ಬರುತ್ತದೆ.

ನಾಲ್ಕು: ಈಗ ಅವಳ ಮುಖ. ನಗು ತಡೆಯಲು ಕೆಳತುಟಿ ಕಚ್ಚಿಕೊಂಡಿದ್ದಾಳೆ. ಕಣ್ಣು ಮಾತ್ರ ಪಕ್ಕದ ಸೀಟಿನವರ ಕಡೆ. ಯಾರಾದರೂ ನೋಡಿಬಿಟ್ಟರೆ?

ಐದು: ಹೆಬ್ಬೆರಳು ಕಾರ್ಡನ್ನು ಒಳಗೆ ತಳ್ಳುತ್ತಿದೆ. ಚೌಕದ ಹೊರಗಿನಿಂದ ಒಂದು ಮಾತಿನ ಬಲೂನು: ‘ಪಾಸ್ ಇನ್ನೂ ಸಿಕ್ಕಿಲ್ಲ ಸರ್. ಒಂದು ಕಾರವಾರ ಕೊಡಿ.’

ಪುಟದಲ್ಲಿ ಇದೊಂದೇ ಮಾತು. ಪಾಸು ಯಾರದು, ಅವನೆಲ್ಲಿ, ಅವಳು ಏನು ಮಾಡುತ್ತಿದ್ದಾಳೆ, ಎಲ್ಲ ಗೊತ್ತಾಯಿತು. ಅವಳು ಯಾಕೆ ಇಟ್ಟುಕೊಂಡಿದ್ದಾಳೆ ಅನ್ನುವುದು ಗೊತ್ತಾಗಲಿಲ್ಲ. ಅದನ್ನು ಐದನೇ ಪುಟದ ತನಕವೂ ಹೇಳಬೇಡಿ. ‘ಮೊನ್ನೆ ಮಳೇಲಿ ಅವನ ಪಾಸ್ ಬಿದ್ದಾಗ ನನ್ನ ಎದೆ...’ ಅಂತ ಅವಳ ಮನಸ್ಸಿನ ಮಾತನ್ನು ಪೆಟ್ಟಿಗೆಯಲ್ಲಿ ಬರೆದಿರಿ ಅನ್ನಿ, ಓದುಗರಿಗೆ ಊಹಿಸಲು ಏನೂ ಉಳಿಯುವುದಿಲ್ಲ.

ಎರಡು ಮತ್ತು ಮೂರು: ಊರು, ಜನ, ಮುಜುಗರ

ಈಗ ಜಾಗ ತೋರಿಸಬಹುದು. 2ನೇ ಪುಟದ ಮೇಲ್ಭಾಗದಲ್ಲಿ ಪುಟದಗಲದ ಒಂದು ಚೌಕ, ಇಡೀ ಬಸ್ಸು. ಇಲ್ಲಿ ಕೈ ಬಿಗಿ ಮಾಡಬೇಡಿ. ಮೀನು ಬುಟ್ಟಿ ಸೀಟಿನಡಿ ತಳ್ಳಿ ಕೂತ ಹೆಂಗಸು, ಆಫೀಸಿಗೆ ಹೊರಟವರ ಟಿಫಿನ್ ಡಬ್ಬಿ, ನೀರು ಸುರಿಯುವ ಛತ್ರಿಯನ್ನು ಎಲ್ಲಿ ಇಡುವುದು ಅಂತ ತಿಳಿಯದೆ ನಿಂತ ಅಜ್ಜ, ಕಂಬಿಗೆ ಜೋತುಬಿದ್ದ ಕಾಲೇಜು ಹುಡುಗರು. ಈ ಜನರೆಲ್ಲ ಬರೀ ಹಿನ್ನೆಲೆಗಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಹುಡುಗ ಹುಡುಗಿ ಎರಡು ಮಾತಾಡಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ಪ್ರೇಮಕಥೆಗೆ ಅಡ್ಡಿ ಬೇಕು ಅಂತ ಖಳನಾಯಕನನ್ನು ಹುಡುಕುತ್ತೀರಲ್ಲ, ಆ ಬಸ್ಸೇ ಖಳನಾಯಕ. ಅವಳು ಎದ್ದು ಹೋಗಿ ‘ತಗೋ ನಿನ್ನ ಪಾಸು’ ಅಂತ ಕೊಡಲು ಯಾಕಾಗುವುದಿಲ್ಲ ಅನ್ನುವುದಕ್ಕೆ ಈ ಒಂದು ಚಿತ್ರವೇ ಉತ್ತರ.

ಕೆಳಗಿನ ಚೌಕಗಳಲ್ಲಿ ಅವನು. ಜೇಬಿನಿಂದ ಚಿಲ್ಲರೆ ತೆಗೆದು ಅಂಗೈಯಲ್ಲಿ ಹರಡಿಕೊಂಡಿದ್ದಾನೆ. ಕಂಡಕ್ಟರ್ ‘ಹೊಸದಕ್ಕೆ ಅರ್ಜಿ ಹಾಕೋ ತಮ್ಮಾ’ ಅನ್ನುತ್ತಾರೆ. ಆ ಚೌಕದ ಪಕ್ಕದಲ್ಲೇ ದೀಪಾಳ ಕೈಗೆ ಬರುವ ಶೂನ್ಯ ಟಿಕೆಟ್. ಎರಡನ್ನೂ ಒಂದೇ ಅಳತೆಯಲ್ಲಿ ಬಿಡಿಸಿ: ಅವನ ಅಂಗೈಯ ಚಿಲ್ಲರೆ, ಅವಳ ಅಂಗೈಯ ಟಿಕೆಟ್. ಮಾತು ಬೇಡ. ಎರಡು ಚೌಕದ ನಡುವಿನ ಖಾಲಿ ಜಾಗದಲ್ಲಿ ಓದುಗರೇ ಅವಳ ಮುಜುಗರ ತುಂಬಿಕೊಳ್ಳುತ್ತಾರೆ.

3ನೇ ಪುಟದಲ್ಲಿ ಸಮಯವನ್ನು ಎಳೆಯಬೇಕು. ಚಿತ್ರಕಥೆಯಲ್ಲಿ ಸಣ್ಣ ಘಟನೆಗೆ ಜಾಸ್ತಿ ಚೌಕ ಕೊಟ್ಟರೆ ಸಮಯ ನಿಧಾನವಾಗುತ್ತದೆ. ಮೂರು ಒಂದೇ ಥರದ ಸಣ್ಣ ಚೌಕ: ಅವಳು ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು, ಅಷ್ಟರಲ್ಲಿ ಮೀನು ಬುಟ್ಟಿಯ ಹೆಂಗಸು ‘ಎಂತ ಮಗಾ?’ ಅಂದರು. ಮೂರರಲ್ಲೂ ಅವಳ ಮುಖ ಇರುವ ಜಾಗ ಒಂದಿಷ್ಟೂ ಅಲುಗದಿರಲಿ, ಬಾಯಿ ಮತ್ತು ಹುಬ್ಬು ಮಾತ್ರ ಬದಲಾಗಲಿ. ಮೂರನ್ನೂ ಹೊಸದಾಗಿ ಬಿಡಿಸುವ ಬದಲು ಒಂದನ್ನು ಟ್ರೇಸ್ ಮಾಡಿಕೊಳ್ಳಿ.

ಆಮೇಲೆ ಬಿಣಗಾ ದಾಟುತ್ತದೆ, ಹೆದ್ದಾರಿಯ ಸುರಂಗ ಬರುತ್ತದೆ. ಈ ದಾರಿಯಲ್ಲಿ ಕಥೆ ಇಟ್ಟಿದ್ದೇ ಇದಕ್ಕಾಗಿ! ಪುಟದ ಕೊನೆಯ ಚೌಕ ಪೂರ್ತಿ ಕಪ್ಪು. ಒಳಗೆ ಒಂದೇ ಬಿಳಿ ಬಲೂನು: ‘ಸ್ವಲ್ಪ ಬ್ಯಾಗ್ ಹಿಡ್ಕೊಳ್ತೀರಾ?’

ಸುರಂಗದಲ್ಲಿ ಅಷ್ಟು ಕತ್ತಲು ಎಲ್ಲಿರುತ್ತದೆ ಅಂತ ಯಾರಾದರೂ ಕೇಳಿಯಾರು. ಬೆಳಕಿನಿಂದ ಒಳಗೆ ಹೊಕ್ಕ ಕ್ಷಣ ಕಣ್ಣಿಗೆ ಕತ್ತಲೆ ಕಟ್ಟುತ್ತದಲ್ಲ, ಆ ಕ್ಷಣ ಸಾಕು ನಮಗೆ.

ನಾಲ್ಕು ಮತ್ತು ಐದು: ಕೈಗಳನ್ನು ನೋಡಿ

ಮಗುಚಿದರೆ ಬೆಳಕು. ಅವನ ಬ್ಯಾಗು ಅವಳ ತೊಡೆ ಮೇಲೆ, ರೆಕಾರ್ಡಿನ ಮೇಲೆ. ಅಂದರೆ ಅವನ ಬ್ಯಾಗಿನಡಿ ಅವನದೇ ಪಾಸು. ನಿಂತವರು ಕೂತವರಿಗೆ ಬ್ಯಾಗು ಕೊಡುವುದು ನಮ್ಮ ಬಸ್ಸುಗಳಲ್ಲಿ ದಿನದ ರೂಢಿ, ಅದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ಇಬ್ಬರನ್ನು ಹತ್ತಿರ ತರಲು ಡಿಕ್ಕಿ ಹೊಡೆಸಿ ಪುಸ್ತಕ ಚೆಲ್ಲಿಸುವ ಅಗತ್ಯವೇ ಇಲ್ಲ. ನಿಮ್ಮೂರಿನ ಇಂಥ ರೂಢಿಗಳನ್ನು ಪಟ್ಟಿ ಮಾಡಿಟ್ಟುಕೊಳ್ಳಿ, ಪ್ರೇಮದ ಸಂದರ್ಭಗಳೆಲ್ಲ ಅಲ್ಲೇ ಸಿಗುತ್ತವೆ.

ಹೊಸಬರು ಪ್ರೇಮ ತೋರಿಸಲು ಕಣ್ಣನ್ನೇ ದೊಡ್ಡದು ಮಾಡುತ್ತಾರೆ. ನಾನಾದರೆ ಕೈಗೆ ಮತ ಹಾಕುತ್ತೇನೆ. 4ನೇ ಪುಟದಲ್ಲಿ ಮುಖಕ್ಕೆ ಒಂದೇ ಚೌಕ. ಉಳಿದದ್ದು ಬ್ಯಾಗಿನ ಪಟ್ಟಿ ಹಿಡಿದ ಅವಳ ಬೆರಳು, ಮೇಲೆ ಕಂಬಿ ಹಿಡಿದ ಅವನ ಮಣಿಕಟ್ಟು, ಅಲ್ಲಿ ಪೆನ್ನಿನಲ್ಲಿ ಗೀಚಿಕೊಂಡ ಯಾವುದೋ ಸೂತ್ರ. ಅವಳು ಅದನ್ನು ಓದಲು ನೋಡುತ್ತಾಳೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದಾನೆ. ನೋಡುವವರು ಯಾರು, ನೋಡುತ್ತಿದ್ದಾರೆ ಅಂತ ಗೊತ್ತಿಲ್ಲದವರು ಯಾರು ಅನ್ನುವುದು ಪ್ರತಿ ಚೌಕದಲ್ಲೂ ಸ್ಪಷ್ಟ ಇರಬೇಕು.

5ನೇ ಪುಟದಲ್ಲಿ ಅವಳಿಗೆ ಉಪಾಯ ಹೊಳೆಯುತ್ತದೆ. ಪಾಸನ್ನು ಮೆಲ್ಲಗೆ ಅವನ ಬ್ಯಾಗಿನೊಳಗೇ ಹಾಕಿಬಿಟ್ಟರೆ? ಹೆಬ್ಬೆರಳು ಬೈಂಡಿನಿಂದ ಕಾರ್ಡು ತೆಗೆಯುತ್ತದೆ. ಇನ್ನೊಂದು ಕೈ ಜಿಪ್ ಎಳೆಯುತ್ತದೆ, ‘ಸರ್ರ್’. ಆ ಸದ್ದನ್ನು ಸಣ್ಣ ಅಕ್ಷರದಲ್ಲಿ, ಬೆರಳಿನ ಹತ್ತಿರವೇ ಬರೆಯಿರಿ. ಮುಂದಿನ ಚೌಕದಲ್ಲಿ ಕಂಡಕ್ಟರ್ ‘ಹೋಲ್ಡಾನ್!’ ಅನ್ನುವುದು ಚೌಕದ ಅಂಚು ದಾಟುವಷ್ಟು ದೊಡ್ಡದಾಗಿರಲಿ. ಬಸ್ಸು ಜರ್ಕ್ ಹೊಡೆಯುತ್ತದೆ. ಕಾರ್ಡು ಅವಳ ಕೈಯಿಂದ ಜಾರಿ ರೆಕಾರ್ಡಿನ ಹಾಳೆಗಳ ನಡುವೆ ಮಾಯ. ಕೊನೆಯ ಚೌಕ: ಮೇಲಿನಿಂದ ಕೆಳಗೆ ನೋಡುತ್ತಿರುವ ಅವನು. ಅವಳ ಕೈ ಅವನ ಬ್ಯಾಗಿನೊಳಗೆ, ಖಾಲಿ ಕೈ.

‘ಏನು ಹುಡುಕ್ತಾ ಇದ್ದೀರಾ?’

ಕೊಡಲು ಹೋದವಳು ಕಳ್ಳಿಯಂತೆ ಕಂಡಳು. ಓದುಗರಿಗೆ ಸತ್ಯ ಗೊತ್ತು, ಅವನಿಗೆ ಗೊತ್ತಿಲ್ಲ. ಮೊದಲ ಪುಟದ ಅದೇ ಗುಟ್ಟು, ಈಗ ಅವಳ ಮೇಲೇ ತಿರುಗಿಬಿತ್ತು.

ಈ ಹಂತದಲ್ಲಿ ಒಂದು ಆಸೆ ಬರುತ್ತದೆ: ಬ್ಯಾಗಿನೊಳಗೆ ಅವಳದೇ ಕಳೆದುಹೋದ ಹೇರ್ ಕ್ಲಿಪ್ ಇಟ್ಟುಬಿಟ್ಟರೆ ಹೇಗೆ? ಅವನೂ ಅವಳನ್ನು ಇಷ್ಟಪಡುತ್ತಾನೆ ಅಂತ ತೋರಿಸಿದ ಹಾಗಾಯಿತಲ್ಲ? ಬೇಡ. ಅವನ ಮನಸ್ಸು ಈಗಲೇ ತೆರೆದರೆ ಮುಂದಿನ ನೂರು ಪುಟ ಏನು ಮಾಡುತ್ತೀರಿ?

ಅಕ್ಷರ ಕೂರಿಸುವುದು

ಕನ್ನಡ ಚಿತ್ರಕಥೆಗಳಲ್ಲಿ ಚಿತ್ರ ಚೆನ್ನಾಗಿದ್ದೂ ಪುಟ ಕೆಡುವುದು ಇಲ್ಲಿ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಆದ್ದರಿಂದ ಸಾಲುಗಳ ನಡುವೆ ಅಂತರ ಜಾಸ್ತಿ ಬೇಕು. ಪದಗಳೂ ಉದ್ದ. ಚಿತ್ರ ಮುಗಿಸಿ ಆಮೇಲೆ ಬಲೂನು ಹಾಕಲು ಹೋದರೆ ಯಾರದ್ದಾದರೂ ತಲೆ ಮುಚ್ಚುವುದು ಖಚಿತ. ಪೆನ್ಸಿಲ್ ಹಂತದಲ್ಲೇ ಮಾತು ಬರೆದು, ಸುತ್ತ ಬಲೂನು ಎಳೆದು, ಉಳಿದ ಜಾಗದಲ್ಲಿ ಚಿತ್ರ ಬಿಡಿಸಿ. ಮೊದಲು ಮಾತಾಡುವವರ ಬಲೂನು ಎಡಗಡೆ, ಮೇಲೆ.

ಇಂಗ್ಲಿಷಿನಲ್ಲಿ ಕಿರುಚಾಟಕ್ಕೆ ದೊಡ್ಡಕ್ಷರ ಬಳಸುತ್ತಾರೆ, ನಮಗೆ ಆ ಸೌಲಭ್ಯ ಇಲ್ಲ. ಗಾತ್ರ ಮತ್ತು ದಪ್ಪದಲ್ಲೇ ದನಿ ತೋರಿಸಬೇಕು. ಕಂಪ್ಯೂಟರಿನಲ್ಲಿ ಮಾಡುವವರಿಗೆ ಬಾಲೂ ತಮ್ಮ 2, ಅನೇಕ್ ಕನ್ನಡ ಫಾಂಟುಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಎರಡರಲ್ಲೂ ತೆಳು ದಪ್ಪ ಅಂತ ಬೇರೆ ಬೇರೆ ತೂಕಗಳಿವೆ. ಅಡೋಬ್ ತಂತ್ರಾಂಶದಲ್ಲಿ ಒತ್ತು ಒಡೆದು ಬಂದರೆ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಎ5 ಪುಟಕ್ಕೆ 9 ಪಾಯಿಂಟಿಗಿಂತ ಸಣ್ಣ ಅಕ್ಷರ ಬೇಡ, ಬಸ್ಸಲ್ಲಿ ಓದುವವರನ್ನು ನೆನಪಿಡಿ. ಒಂದು ಬಲೂನಿಗೆ ಹತ್ತು ಹನ್ನೆರಡು ಪದ ದಾಟಿದರೆ ಎರಡು ಮಾಡಿ, ಇಲ್ಲಾ ಕತ್ತರಿಸಿ.

ಮಾತಿನ ಧಾಟಿಯೂ ಹಾಗೇ. ಇಬ್ಬರೂ ಇನ್ನೂ ಅಪರಿಚಿತರು, ಬಹುವಚನದಲ್ಲೇ ಮಾತಾಡಲಿ. ಏಕವಚನಕ್ಕೆ ಇಳಿಯುವ ಕ್ಷಣವನ್ನು ಮುಂದಿನ ಯಾವುದಾದರೂ ಒಳ್ಳೆಯ ಪುಟಕ್ಕೆ ಉಳಿಸಿಕೊಳ್ಳಿ.

ಫೋನಿನಲ್ಲಿ ಹಾಕುವುದಾದರೆ

ಫೋನಿನಲ್ಲಿ ಕೆಳಗೆ ಸರಿಸುತ್ತಾ ಓದುವ ಕಥೆಗೆ ಮಗುಚುವ ಪುಟ ಇಲ್ಲ. ಅಲ್ಲಿ ಖಾಲಿ ಜಾಗವೇ ನಿಮ್ಮ ತಿರುವು. ಸುರಂಗದ ಕಪ್ಪನ್ನು ಎರಡು ಸ್ಕ್ರೀನ್ ಉದ್ದ ಎಳೆದು, ನಡುವೆ ಆ ಒಂದು ಬಲೂನು ಇಡಿ. ಇನ್‌ಸ್ಟಾಗ್ರಾಂನಲ್ಲಿ ಒಂದು ಪೋಸ್ಟಿಗೆ 20 ಚಿತ್ರದ ತನಕ ಹಾಕಬಹುದು, ಪ್ರತಿ ಸ್ವೈಪ್ ಒಂದು ಮಗುಚುವಿಕೆ. ಆದರೆ ಎದುರುಬದುರು ಪುಟದ ಆಟ ಅಲ್ಲಿ ಇಲ್ಲ. ಅಂಗೈ ಚಿಲ್ಲರೆ ಮತ್ತು ಟಿಕೆಟ್ ಒಂದೇ ಚಿತ್ರದಲ್ಲಿ ಬರುವ ಹಾಗೆ ನೋಡಿಕೊಳ್ಳಿ.

ಪುಸ್ತಿಕೆ ಮಾಡಿ, ಓದಿಸಿ

ಐದು ಪುಟವನ್ನು ಜೆರಾಕ್ಸ್ ಅಂಗಡಿಯಲ್ಲೇ ಪುಸ್ತಿಕೆ ಮಾಡಬಹುದು. ಎರಡು ಎ4 ಹಾಳೆ ನಡುವೆ ಮಡಚಿದರೆ ಎಂಟು ಎ5 ಪುಟ. 1 ಮುಖಪುಟ, 2 ಖಾಲಿ, ಕಥೆ 3ರಿಂದ 7, ಹಿಂಬದಿ 8. ಕಥೆ ತಾನಾಗೇ ಬಲಗಡೆ ಶುರುವಾಗುತ್ತದೆ, ಮಗುಚುವ ಜಾಗಗಳೆಲ್ಲ ಸರಿ ಕೂರುತ್ತವೆ. ಹಾಳೆಗಳ ಜೋಡಣೆ ಹೀಗೆ: ಹೊರಗಿನ ಹಾಳೆಯ ಒಂದು ಬದಿ ಎಡದಿಂದ 8 ಮತ್ತು 1, ಇನ್ನೊಂದು ಬದಿ 2 ಮತ್ತು 7. ಒಳಗಿನ ಹಾಳೆಯ ಒಂದು ಬದಿ 6 ಮತ್ತು 3, ಇನ್ನೊಂದು ಬದಿ 4 ಮತ್ತು 5. ಸ್ಟೇಪ್ಲರ್ ನಡುವಿನ ಮಡಿಕೆಗೆ ಎಟುಕದಿದ್ದರೆ ಸೂಜಿ ದಾರದಲ್ಲಿ ಎರಡು ಹೊಲಿಗೆ ಹಾಕಿ. ಕಪ್ಪು ಬಿಳುಪು ಪ್ರತಿ ತೆಗೆಸಿ, ಪಾಸು ಬರುವ ಚೌಕಗಳಲ್ಲಿ ಅದಕ್ಕೆ ಮಾತ್ರ ಸ್ಕೆಚ್ ಪೆನ್ನಿನಿಂದ ಬಣ್ಣ ತುಂಬಿ. ಖರ್ಚಿಲ್ಲ, ಕಣ್ಣು ಬೇಕಾದಲ್ಲೇ ಹೋಗುತ್ತದೆ.

ಇದನ್ನು ಒಂಬತ್ತನೇ ತರಗತಿಯಿಂದ ಪಿಯುಸಿಯವರೆಗಿನ ನಾಲ್ಕೈದು ಜನರಿಗೆ ಕೊಡಿ. ‘ಹೇಗಿದೆ?’ ಅಂತ ಮಾತ್ರ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಓದುವಾಗ ಅವರ ಕೈ ನೋಡಿ. ಕಥೆಯ ಮೂರನೇ ಪುಟದಿಂದ ಮೊದಲನೆಯದಕ್ಕೆ ವಾಪಸ್ ಮಗುಚಿದರೆ, ಪಾಸ್ ಯಾರದ್ದು ಅಂತ ಸ್ಪಷ್ಟವಾಗಿಲ್ಲ ಅಂತ ಅರ್ಥ, ಫೋಟೋ ದೊಡ್ಡದು ಮಾಡಿ. ಅಂಗೈಗಳ ಚೌಕದಲ್ಲಿ ಕಣ್ಣು ನಿಲ್ಲದೆ ದಾಟಿಹೋದರೆ ಆ ಎರಡೂ ಸಣ್ಣದಾದವು. ಓದಿ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ‘ಅವಳು ಪಾಸ್ ಯಾಕೆ ಇಟ್ಕೊಂಡಿದ್ದಾಳೆ?’ ಎಲ್ಲರೂ ಒಂದೇ ಉತ್ತರ ಕೊಟ್ಟರೆ ಎಲ್ಲೋ ಜಾಸ್ತಿ ಹೇಳಿಬಿಟ್ಟಿದ್ದೀರಿ, ಮಾತು ಕಡಿಮೆ ಮಾಡಿ. ಒಬ್ಬರಿಗೂ ಉತ್ತರ ಇಲ್ಲದಿದ್ದರೆ ಮೊದಲ ಪುಟದ ನಾಲ್ಕನೇ ಚೌಕದ ಮುಖವನ್ನು ಮತ್ತೆ ಬಿಡಿಸಿ. ಉತ್ತರಕ್ಕಾಗಿ ತಮ್ಮ ತಮ್ಮಲ್ಲೇ ಜಗಳಕ್ಕೆ ಬಿದ್ದರೆ ಆರನೇ ಪುಟ ಶುರು ಮಾಡಬಹುದು.